ನೆಲಮಾಳಿಗೆಯ ಬಾಣಂತನ

ನಾನು ಒಂದು ಭೂಕಂಪಮಾಪಕ. ಹೆಸರು ಕೇಳಿದವರು ನಾನು ನಡುಗುವ ಯಂತ್ರ ಅಂದುಕೊಳ್ಳುತ್ತಾರೆ. ಹಾಗಲ್ಲ. ಎಲ್ಲವೂ ನಡುಗುವಾಗ ನಡುಗದೆ ನಿಲ್ಲುವುದೇ ನನ್ನ ಕೆಲಸ.

ದೊಡ್ಡ ಊರೊಂದರ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಒಂದು ಭಾರವಾದ ಕಬ್ಬಿಣದ ಗುಂಡು, ಅದನ್ನು ತೂಗುಹಾಕಿದ ಸಣ್ಣ ಉಕ್ಕಿನ ತಂತಿ, ಗುಂಡಿಗೆ ಸೇರಿದ ಒಂದು ಕಡ್ಡಿ, ಕಡ್ಡಿಯ ತುದಿಗೆ ಸೂಜಿ. ಸೂಜಿಯ ಎದುರಿಗೆ ಗಡಿಯಾರದ ಹಾಗೆ ಮೆಲ್ಲಗೆ ತಿರುಗುವ ಒಂದು ಉರುಳೆ. ನೆಲ ಅಲುಗಿದರೆ ಉರುಳೆ ಅಲುಗುತ್ತದೆ, ಚೌಕಟ್ಟು ಅಲುಗುತ್ತದೆ, ಗುಂಡು ಮಾತ್ರ ಜಡಭರತನ ಹಾಗೆ ಇದ್ದಲ್ಲೇ ಇರುತ್ತದೆ. ಆ ವ್ಯತ್ಯಾಸವನ್ನು ಸೂಜಿ ಗೀರುತ್ತದೆ. ನನ್ನನ್ನು ಜೋಡಿಸಿದ ಮುದಿ ಮೇಸ್ತ್ರಿ ಗುಂಡನ್ನು ತಟ್ಟಿ, "ಎಲ್ಲ ಯಂತ್ರಕ್ಕೂ ಓಡೋದು ಕಲಿಸ್ತೀವಿ. ಇದಕ್ಕೊಂದಕ್ಕೆ ಸುಮ್ಮನಿರೋದು ಕಲಿಸಬೇಕಾಯ್ತಲ್ಲಪ್ಪ" ಅಂದು ನಕ್ಕಿದ್ದ.

ದಾರಿಯಲ್ಲಿ ತಂತಿ ಹರಿಯದಿರಲೆಂದು ಗುಂಡನ್ನು ಒಂದು ತಿರುಪಿನಿಂದ ಚೌಕಟ್ಟಿಗೆ ಬಿಗಿದರು. ಹಾಗೆ ಕೈಕಾಲು ಕಟ್ಟಿಸಿಕೊಂಡು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ, ನಾನು ಕಲಬುರಗಿ ಕಡೆಯ ಕರಿಬಂಡಿ ಎಂಬ ಹಳ್ಳಿಗೆ ಬಂದೆ.

ಕರಿಬಂಡಿಯೆಂದರೆ ತೊಗರಿ ಹೊಲಗಳ ನಡುವೆ ಕಪ್ಪು ಕಲ್ಲಿನ ಊರು. ಗೋಡೆಗಳು ಮೊಳಗಟ್ಟಲೆ ದಪ್ಪ. ಮೇಲೆ ತೊಲೆ ಹಾಸಿ, ಹಲಗೆ ಹಾಸಿ, ಅದರ ಮೇಲೆ ಬುಟ್ಟಿಗಟ್ಟಲೆ ಮಣ್ಣು ಹೊಡೆದ ಮಾಳಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಇನ್ನಷ್ಟು ಮಣ್ಣು ಹೊಡೆಯುತ್ತಾರೆ. ಅಜ್ಜ ಹೊಡೆದ ಮಣ್ಣಿನ ಮೇಲೆ ಅಪ್ಪ, ಅಪ್ಪ ಹೊಡೆದ ಮಣ್ಣಿನ ಮೇಲೆ ಮಗ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಯಲ್ಲಿ ಬೆಚ್ಚಗೆ. ಆ ಊರಿಗೆ ಅದಕ್ಕಿಂತ ಒಳ್ಳೆಯ ಮನೆ ಗೊತ್ತಿರಲಿಲ್ಲ.

ನನ್ನನ್ನು ಇಟ್ಟದ್ದು ಊರ ಹೊರಗೆ, ಬಂಡೆ ಕಡಿದು ಮಾಡಿದ ನೆಲಮಾಳಿಗೆಯಲ್ಲಿ. ಇಳಿಯಲು ಮೆಟ್ಟಿಲು, ಗಾಳಿ ನುಗ್ಗದಂತೆ ಒಂದರ ಹಿಂದೊಂದು ಎರಡು ಬಾಗಿಲು, ಮೇಲೆ ಸರಕಾರದ ಸಿಮೆಂಟಿನ ಚಪ್ಪಡಿ. ಹಗಲು ಇರುಳಿನ ಗುರುತಿಲ್ಲ. ಇಳಿಸಿದವರು ತಿರುಪು ಸಡಿಲಿಸಿ, ಗುಂಡನ್ನು ತೂಗಲು ಬಿಟ್ಟು, ಬಾಗಿಲು ಹಾಕಿಕೊಂಡು ಹೋದರು. ಅಂದಿನಿಂದ ಆ ಗುಂಡಿಯೇ ನನ್ನ ಲೋಕ.

ದಿನಕ್ಕೊಮ್ಮೆ ಒಬ್ಬನೇ ಒಬ್ಬ ಮನುಷ್ಯ ಬರುತ್ತಿದ್ದ. ಅವನ ಹೆಸರು ಸಾಯಬಣ್ಣ. ನನ್ನನ್ನು ನೋಡಿಕೊಳ್ಳಲು ಇಲಾಖೆಯವರು ಇಟ್ಟ ಆಳು. ಅವನ ಮನೆಯೂ ನೆಲಮಾಳಿಗೆಯ ಪಕ್ಕದಲ್ಲೇ. ಅವನು ಚಿಮಣಿ ದೀಪದ ಮೇಲೆ ಬಿಳಿ ಕಾಗದ ಹಿಡಿದು, ಮಸಿಯನ್ನು ಸಮನಾಗಿ ಹತ್ತಿಸಿ, ಆ ಕರಿ ಕಾಗದವನ್ನು ಉರುಳೆಗೆ ಸುತ್ತುತ್ತಿದ್ದ. ನನ್ನ ಸೂಜಿ ಮಸಿಯಲ್ಲಿ ಬಿಳಿ ಗೆರೆ ಎಳೆಯುತ್ತಿತ್ತು. ಮರುದಿನ ಅದನ್ನು ಬಿಚ್ಚಿ, ಮಸಿ ಅಳಿಸದಂತೆ ಕರಗಿಸಿದ ಅರಗಿನಲ್ಲಿ ಅದ್ದಿ, ಒಣಗಿಸಿ, ನಗರಕ್ಕೆ ಕಳಿಸುತ್ತಿದ್ದ. ಹೆಂಡತಿ ಚಂದಮ್ಮ ಮೇಲಿನಿಂದ ಕೂಗುವುದು ನನಗೆ ಕೇಳುತ್ತಿತ್ತು: "ಮಂದಿ ಸರಕಾರಿ ನೌಕರಿ ಮಾಡಿ ಬಿಳಿ ಅರಿವಿ ಉಡ್ತಾರ. ನೀವು ಮಸಿ ಮಾರಿ ಮಾಡ್ಕೊಂಡು ಬರ್ತೀರಿ!"

"ಮಸಿ ನನಗ, ಪಗಾರ ನಿನಗ. ಸುಮ್ಮನಿರು" ಅನ್ನುತ್ತಿದ್ದ ಅವನು.

ಸಿಕ್ಕಿಬಿದ್ದವರಿಗೆ ಕಿವಿ ಚುರುಕಾಗುತ್ತದೆ ಅಂತಾರೆ. ನನಗೂ ಹಾಗೇ ಆಯಿತು. ಕತ್ತಲಲ್ಲಿ ಕೂತು ಕೂತು ನಾನು ಲೋಕದ ಗಡಿಗಳನ್ನು ಕೇಳತೊಡಗಿದೆ. ಭೂಮಿಯ ಮೇಲ್ಪದರ ಒಂದೇ ತುಂಡಲ್ಲ, ದೊಡ್ಡ ದೊಡ್ಡ ಫಲಕಗಳು. ಒಂದೊಂದು ಗಡಿಗೆ ಒಂದೊಂದು ದನಿ. ಪಡುವಣ ಸಮುದ್ರದ ಆಚೆ, ನೀರಿನ ಅಡಿಯಲ್ಲಿ, ಎರಡು ಫಲಕಗಳು ಬೇರೆಯಾಗುತ್ತ ಸರಿಯುತ್ತವೆ. ಬಿರುಕಿನಲ್ಲಿ ಕಾದ ಕಲ್ಲು ಉಕ್ಕಿ, ತಣಿದು, ಹೊಸ ನೆಲವಾಗಿ, ಕಡಲೊಳಗೇ ಉದ್ದನೆಯ ಬೆಟ್ಟಸಾಲು ಎದ್ದಿದೆ. ಅಲ್ಲಿಂದ ಬರುವ ನಡುಕ ಸಣ್ಣದು, ಬಂದರೆ ಗುಂಪಾಗಿ ಬರುತ್ತದೆ, ಕುರಿ ಹಿಂಡಿನ ಹಾಗೆ. ಸುಮಾತ್ರಾ, ಜಾವಾ ಕಡೆ ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುತ್ತದೆ. ನುಗ್ಗುವಲ್ಲಿ ಕಡಲಿನ ತಳ ಕುಸಿದು ಆಳವಾದ ಕಂದಕ. ಒಳಗಿಳಿದ ಕಲ್ಲು ತನ್ನ ತೇವ ಬಿಟ್ಟುಕೊಟ್ಟು ಮೇಲಿನ ಕಾದ ಕಲ್ಲನ್ನು ಕರಗಿಸುತ್ತದೆ. ಅದು ಬೆಂಕಿಯುಗುಳುವ ಬೆಟ್ಟಗಳಾಗಿ, ದ್ವೀಪಗಳ ಸಾಲಾಗಿ ಮೇಲೇಳುತ್ತದೆ. ಅಲ್ಲಿಂದ ದೊಡ್ಡದೊಂದು ಬಂದರೆ ನನ್ನ ಸೂಜಿ ಬಹಳ ಹೊತ್ತು ಸುಧಾರಿಸಿಕೊಳ್ಳುತ್ತಿರಲಿಲ್ಲ. ಬಲೂಚಿಸ್ತಾನದ ಕಡೆ ಫಲಕಗಳು ನುಗ್ಗುವುದೂ ಇಲ್ಲ, ಅಗಲುವುದೂ ಇಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎದುರಾದ ಎರಡು ಬಂಡಿಗಳ ಹಾಗೆ ಮಗ್ಗುಲು ಉಜ್ಜಿಕೊಂಡು ಸರಿಯುತ್ತವೆ. ಅಲ್ಲಿ ಹರಿಯುವ ಹಳ್ಳಗಳು ನಡುವೆ ಮುರಿದು, ಪಕ್ಕಕ್ಕೆ ಸರಿದು, ಮತ್ತೆ ಮುಂದೆ ಹೋಗುತ್ತವಂತೆ.

ಇನ್ನು ಉತ್ತರದ ದನಿ ಹಿಮಾಲಯದ್ದು. ಅದನ್ನು ನನಗೆ ಅರ್ಥ ಮಾಡಿಸಿದ್ದು ಚಂದಮ್ಮ ಹಳೇ ಸೀರೆ ತುಂಡು ಜೋಡಿಸಿ ಹೊಲಿದ ಕೌದಿ.

ನಗರದಿಂದ ಆಗಾಗ ನನ್ನನ್ನು ನೋಡಲು ಬರುತ್ತಿದ್ದ ಅಧಿಕಾರಿ ಇನಾಮದಾರ ಸಾಹೇಬರು. ಒಮ್ಮೆ ಸಾಯಬಣ್ಣ ಅವರನ್ನು ಕೇಳಿದ: "ಸಾಹೇಬ್ರ, ಹಿಮಾಲಯ ಎಲ್ಲಿ, ಕರಿಬಂಡಿ ಎಲ್ಲಿ? ಅಲ್ಲಿ ಅಲುಗಿದ್ರ ನಮಗೇನ್ ಸಂಬಂಧ್ರೀ?"

ಇನಾಮದಾರರು ಚಂದಮ್ಮನಿಂದ ಒಂದು ಕೌದಿ ತರಿಸಿ ನನ್ನೆದುರಿಗೆ ಹಾಸಿದರು. ಅದರ ತುದಿಯನ್ನು ಎರಡೂ ಕೈಯಿಂದ ಗೋಡೆಯತ್ತ ದೂಡಿದರು. ಗೋಡೆಗೆ ಹತ್ತಿದ ಕಡೆ ಕೌದಿ ಮಡಿಕೆ ಮಡಿಕೆಯಾಗಿ ಎದ್ದಿತು. "ಈ ಕೌದಿ ಅಂದ್ರ ನಮ್ಮ ದೇಶ. ಗ್ವಾಡಿ ಅಂದ್ರ ಉತ್ತರದ ಫಲಕ. ನಡುವ ಒಂದು ಸಮುದ್ರ ಇತ್ತು, ಅದು ಹಿಚಗಿ ಹೋತು. ಸಮುದ್ರದ ಕಪ್ಪೆಚಿಪ್ಪು ಈಗ ಹಿಮಾಲಯದ ಕಲ್ಲಿನ್ಯಾಗ ಸಿಗ್ತಾವ. ದೂಡೋದು ಇನ್ನೂ ನಿಂತಿಲ್ಲ. ವರ್ಷಕ್ಕ ಒಂದೆರಡು ಬೆರಳು ಮುಂದ ಹೋಗ್ತೀವಿ."

"ಹಂಗಂದ್ರ ನಾವು ಕೌದಿ ನಡುವ ಅದೀವಿ" ಅಂದಳು ಚಂದಮ್ಮ ಬಾಗಿಲಲ್ಲೇ ನಿಂತು. "ಮಡಿಕಿ ಬೀಳೋದು ತುದಿಗಿ. ನಮಗೇನ್ ಆಗಂಗಿಲ್ಲ ಅಲ್ರೀ?"

"ಹಿಂದಿಂದ ದೂಡ್ತಾರ, ಮುಂದ ಗ್ವಾಡಿ. ನಡುವ ಹಳೇ ಹೊಲಿಗಿ ಎಲ್ಲಿ ಸಡ್ಲ ಅದನೋ ಅಲ್ಲಿ ಚರ್ರ್ ಅಂತದ, ತಂಗಿ."

"ಯಾವಾಗ್ರೀ?"

"ಅದನ್ನ ಹೇಳೋ ಯಂತ್ರ ಇನ್ನೂ ಹುಟ್ಟಿಲ್ಲ."

ಚಂದಮ್ಮ ಕೌದಿಯನ್ನು ಕೊಡವಿ ಮಣ್ಣು ತೆಗೆದು ಮಡಚಿಕೊಂಡು ಹೋದಳು. ನನಗೆ ಮಾತ್ರ ಆ ದಿನ ನನ್ನ ಗುಂಡಿ ಇನ್ನಷ್ಟು ಇಕ್ಕಟ್ಟಾಯಿತು. ನಾನೊಬ್ಬನೇ ಸಿಕ್ಕಿಬಿದ್ದಿದ್ದೇನೆ ಅಂದುಕೊಂಡಿದ್ದೆ. ಈ ನೆಲವೇ ಸಿಕ್ಕಿಬಿದ್ದಿತ್ತು. ಹಿಂದಕ್ಕೆ ಹೋಗುವ ಹಾಗಿಲ್ಲ, ಮುಂದಕ್ಕೆ ದಾರಿಯಿಲ್ಲ.

ಹಳೇ ಹೊಲಿಗೆ ಸಡಿಲವಿದ್ದದ್ದು ಕರಿಬಂಡಿಯ ಅಡಿಯಲ್ಲೇ. ಒಂದು ವರ್ಷ ಮಳೆ ನಿಂತ ಮೇಲೆ ನೆಲದೊಳಗಿಂದ ಗುಡುಗು ಕೇಳತೊಡಗಿತು. ಮೇಲೆ ತಿಳಿ ಆಕಾಶ, ಕೆಳಗೆ ಗುಡುಗು. ಗಡಿಗೆಗಳು ಕಟಕಟ ಅನ್ನುತ್ತಿದ್ದವು, ಮಾಳಿಗೆಯಿಂದ ಮಣ್ಣು ಉದುರುತ್ತಿತ್ತು. ಜನ ಹೆದರಿ ಹೊಲಗಳಲ್ಲಿ ತಾಡಪತ್ರಿಯ ಗುಡಾರ ಕಟ್ಟಿಕೊಂಡು ಮಲಗಿದರು. ಊರ ಹಿರಿಯ ಸಿದ್ರಾಮ ಮಾಲಿಪಾಟೀಲ ಮೆಟ್ಟಿಲ ಮೇಲೆ ಬಂದು ಕೂತ.

"ಸಾಯಬಣ್ಣ, ನಿನ್ನ ಯಂತ್ರಕ್ಕ ಕೇಳೋ. ದೊಡ್ಡದು ಬರ್ತದೋ ಇಲ್ಲೋ?"

"ಅದು ಆದದ್ದು ಹೇಳ್ತದ ಗೌಡ್ರ. ಆಗೋದು ಹೇಳಂಗಿಲ್ಲ."

"ನಮ್ಮೂರ ಪಂಚಾಯ್ತಿ ಮೆಂಬರ ಇದ್ದಂಗ ಅದ ಬಿಡು" ಅಂದ ಮಾಲಿಪಾಟೀಲ. ಆದರೂ ದಿನಾ ಬೆಳಿಗ್ಗೆ ಬಂದು ಕೇಳುವುದು ಬಿಡಲಿಲ್ಲ: "ಗೆರಿ ಹ್ಯಾಂಗದ?"

ಸಾಯಬಣ್ಣ ಕಾಗದ ನೋಡಿ ಇದ್ದದ್ದು ಹೇಳುತ್ತಿದ್ದ. ಒಂದಿನ "ಹಲ್ಲು ಹಲ್ಲಾಗ್ಯಾದ", ಒಂದಿನ "ನೆಟ್ಟಗದ." ಅದು ಬಾಯಿಂದ ಬಾಯಿಗೆ ಊರೆಲ್ಲ ಹರಡುತ್ತಿತ್ತು. ನೆಟ್ಟಗಿರುವ ದಿನಗಳು ಹೆಚ್ಚಾದವು. ಚಳಿಯೂ ಹೆಚ್ಚಾಯಿತು. ಗೆರೆ ನೆಟ್ಟಗಿದೆ ಅಂದರೆ ನೆಲ ಸುಮ್ಮನಾಗಿದೆ, ಸುಮ್ಮನಾಗಿದೆ ಅಂದರೆ ಇನ್ನು ಬರುವುದಿಲ್ಲ ಎಂದು ಜನ ತಾವೇ ತೀರ್ಮಾನ ಮಾಡಿಕೊಂಡರು. ಒಂದೊಂದೇ ಮನೆ ಒಳಗೆ ಸೇರತೊಡಗಿತು. ನಾನು ಕತ್ತಲಲ್ಲಿ ನೆಟ್ಟಗೆ ಗೆರೆ ಎಳೆಯುತ್ತ ಒದ್ದಾಡಿದೆ. ಬಿಗಿಹಿಡಿದ ಕೈ ಅಲುಗುವುದಿಲ್ಲ. ಹಾಗೆಂದು ಹಿಡಿತ ಸಡಿಲಾಯಿತೆಂದು ಅರ್ಥವೇ? ನನಗೆ ಗೆರೆ ಎಳೆಯಲು ಬರುತ್ತದೆ, ಬಾಯಿಲ್ಲ.

ಆ ಹೊತ್ತಿನಲ್ಲೇ ಸಾಯಬಣ್ಣನ ಮಗಳು ಜಗದೇವಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಚಂದಮ್ಮ ಮನೆಯ ಒಳಕೋಣೆಗೆ ಕಿಟಕಿ ಮುಚ್ಚಿ, ಸಂದಿಗೆ ಬಟ್ಟೆ ತುರುಕಿ ಬಾಣಂತಿಯನ್ನು ಮಲಗಿಸಿದಳು. ಮೇಲೆ ಮೂರು ತಲೆಮಾರಿನ ಮಣ್ಣಿನ ಮಾಳಿಗೆ. ಒಂದು ಸಂಜೆ ನೆಲ ಗುರ್ರ್ ಅಂದಿತು. ತೊಲೆಯ ಸಂದಿಯಿಂದ ಮಣ್ಣು ಸುರಿದು ಕೂಸಿನ ಕಣ್ಣಿಗೆ ಬಿತ್ತು. ಅಂಗಳದಲ್ಲಿ ಗಂಡ ಹೆಂಡತಿಗೆ ಮಾತು ಹತ್ತಿತು.

"ಅಕಿನ್ನ ಹೊರಗ ತಾ. ಹೊಲದಾಗ ಮಲಗಸೋಣ."

"ಹಸೀ ಬಾಣಂತಿರೀ! ಈ ಗಾಳಿಗಿ ಇಟ್ಟರ ಸನ್ನಿ ಆಗ್ತದ. ನೀವು ಹಡೆದೀರೇನು?"

"ಮಾಳಿಗಿ ಬಿದ್ರ?"

"ಬೆಳಿಗ್ಗಿ ನೀವೇ ಗೌಡ್ರಿಗಿ ಗೆರಿ ನೆಟ್ಟಗದ ಅಂದ್ರಿ. ಮಂದಿಗೊಂದು, ಮನಿಗೊಂದು ಗೆರಿ ಅದೇನು?"

ಒಳಗಿಂದ ಜಗದೇವಿಯೇ ಹೇಳಿದಳು: "ಯಪ್ಪಾ, ನಿನ್ನ ಯಂತ್ರದ ಕೋಣಿಗಿ ಗಾಳಿ ಬರಂಗಿಲ್ಲಲ್ಲ. ಮ್ಯಾಲ ಮಣ್ಣೂ ಇಲ್ಲ. ನಾ ಅಲ್ಲೇ ಇರ್ತೀನಿ."

ನನ್ನ ಕೋಣೆಗೆ ಬೇರೆಯವರನ್ನು ಬಿಡಬಾರದೆಂದು ಇಲಾಖೆಯ ಕಟ್ಟಪ್ಪಣೆ. ಹತ್ತಿರ ಯಾರು ನಡೆದರೂ ಸೂಜಿ ಅಲುಗುತ್ತದೆ. ಗೊತ್ತಾದರೆ ನೌಕರಿ ಹೋಗುತ್ತದೆ. ಆದರೂ ಸಾಯಬಣ್ಣ ಮೂಲೆಯನ್ನು ಗುಡಿಸಿ, ಮಗಳಿಗೆ ಮಲಗಲು ಹೊರಸು ಇಳಿಸಿದ.

ಹೀಗೆ ನನ್ನ ಸೆರೆಮನೆ ಬಾಣಂತಿ ಕೋಣೆಯಾಯಿತು. ಮಸಿಯ ವಾಸನೆಯ ಜಾಗದಲ್ಲಿ ಅಜವಾನ, ಬಜೆ, ಬೆಳ್ಳುಳ್ಳಿಯ ವಾಸನೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೆಂದು ಸಾಯಬಣ್ಣ ಹಟ ಹಿಡಿದ. ಚಂದಮ್ಮ ಗೊಣಗುತ್ತ ಮೇಲಿನಿಂದ ಕಾಸಿದ ಇಟ್ಟಂಗಿ ತಂದು ಮಗಳ ಬೆನ್ನಿಗೆ ಕೊಟ್ಟಳು. ತೊಟ್ಟಿಲಿಗೆ ಜಾಗವಿರಲಿಲ್ಲ. ನನ್ನನ್ನು ಇಳಿಸುವಾಗ ಬಳಸಿದ ಕಬ್ಬಿಣದ ಕೊಂಡಿ ಚಪ್ಪಡಿಯಲ್ಲಿ ಹಾಗೇ ಇತ್ತು. ಚಂದಮ್ಮ ಹಳೆಯ ಇಳಕಲ್ ಸೀರೆಯನ್ನು ಆ ಕೊಂಡಿಗೆ ಕಟ್ಟಿ ಜೋಲಿ ಮಾಡಿದಳು. ಕೊಂಡಿ ಇದ್ದದ್ದು ಸರಿಯಾಗಿ ನನ್ನ ಪಕ್ಕದಲ್ಲಿ.

ಮರುದಿನ ಕಾಗದ ಬಿಚ್ಚಿದ ಸಾಯಬಣ್ಣ ಬೆವತುಹೋದ. ಉದ್ದಕ್ಕೂ ದುಂಡು ದುಂಡಾದ ಅಲೆ. ಎತ್ತರ ತಗ್ಗು ಒಂದೇ ಸಮ. ಹಿಮಾಲಯವಲ್ಲ, ಜಾವಾ ಅಲ್ಲ. ಜಗದೇವಿ ಕೂಸು ತೂಗಿದ ಅಲೆ. ನಾನು ಅಷ್ಟು ಚೆಂದದ ಗೆರೆಯನ್ನು ಅದಕ್ಕೆ ಮುಂಚೆ ಬರೆದಿರಲಿಲ್ಲ.

"ಇದನ್ನ ನಗರಕ್ಕ ಕಳಿಸಿದ್ರ ಸಾಹೇಬ್ರು ಏನಂತಾರ?" ಅಂದ ಅವನು.

"ಮೊಮ್ಮಗಳ ಹುಟ್ಯಾಳಂತ ಗೊತ್ತಾಗ್ತದ, ಸಕ್ಕರಿ ಕಳಿಸ್ತಾರ" ಅಂದಳು ಚಂದಮ್ಮ.

ಅವನು ನಗಲಿಲ್ಲ. ನನ್ನ ತಿರುಪಿನ ಮೇಲೆ ಕೈಯಿಟ್ಟ. ಅಂದಿನಿಂದ ಒಂದು ಪದ್ಧತಿ ಬಿತ್ತು. ಕೂಸು ಅತ್ತು ಜೋಲಿ ತೂಗುವ ಮುಂಚೆ ನನ್ನ ಗುಂಡನ್ನು ಬಿಗಿಯುವುದು. ಕೂಸು ಮಲಗಿದ ಮೇಲೆ ಸಡಿಲಿಸುವುದು. ಅವನಿಲ್ಲದಾಗ ಜಗದೇವಿಯೇ ತಿರುಗಿಸುತ್ತಿದ್ದಳು. ಕೂಸು ಮಲಗಿದರೆ ನಾನು ಎಚ್ಚರ, ಕೂಸು ಎದ್ದರೆ ನನಗೆ ಬೇಡಿ. ಬಿಗಿದಾಗಲೂ ಉರುಳೆ ತಿರುಗುತ್ತಲೇ ಇರುತ್ತಿತ್ತು. ಸೂಜಿ ನೆಟ್ಟಗೆ ಸತ್ತ ಗೆರೆ ಎಳೆಯುತ್ತಿತ್ತು. ಬೆಳಿಗ್ಗೆ ಮಾಲಿಪಾಟೀಲ ಬಾಗಿಲ ಹೊರಗಿಂದಲೇ ಕೇಳುತ್ತಿದ್ದ: "ಗೆರಿ ಹ್ಯಾಂಗದ?"

"ನೆಟ್ಟಗದ ಗೌಡ್ರ."

ಸಾಯಬಣ್ಣನ ದನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿತ್ತು. ಒಂದು ಬೆಳಿಗ್ಗೆ ಮಾಲಿಪಾಟೀಲ, "ಹಂಗಾದ್ರ ನಮ್ಮವ್ವನ್ನ ಒಳಗ ತಂದು ಮಲಗಸ್ತೀನಿ. ಮುದುಕಿಗಿ ಹೊಲದ ಚಳಿ ತಡಿಯಂಗಿಲ್ಲ" ಅಂದು ಹೋದ. ಸಾಯಬಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕೂಸು ಅತ್ತಿತು.

ಅದು ತೊಗರಿ ಕೊಯ್ಲಿನ ಕಾಲ. ಬಿಸಿಲೇರಿದ ಹೊತ್ತಿಗೆ ಊರಿನ ಬಹಳ ಮಂದಿ ಹೊಲದಲ್ಲಿದ್ದರು. ಚಂದಮ್ಮ ಅಂಗಳದ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಸಾಯಬಣ್ಣ ನೀರು ಸೇದುತ್ತಿದ್ದ. ಜಗದೇವಿ ನನ್ನನ್ನು ಬಿಗಿದು, ಜೋಲಿ ತೂಗುತ್ತ ಏನೋ ಗುನುಗುತ್ತಿದ್ದಳು.

ಆಗ ಬಂತು.

ದೂರದಿಂದ ಬಂದದ್ದಲ್ಲ. ನನ್ನ ಬಂಡೆಯ ಅಡಿಯಿಂದಲೇ, ಯಾರೋ ಬುಡಕ್ಕೆ ಒದ್ದ ಹಾಗೆ. ಎಷ್ಟೋ ಕಾಲದಿಂದ ಹಿಂದಿನಿಂದ ದೂಡಿಸಿಕೊಂಡು, ಮುಂದೆ ಹಾದಿ ಕಾಣದೆ ನಿಂತಿದ್ದ ನೆಲ ತನ್ನ ಹಳೇ ಹೊಲಿಗೆಯನ್ನು ಒಮ್ಮೆಗೇ ಹರಿದುಕೊಂಡಿತು. ಇದನ್ನು ಬರೆಯಲೆಂದೇ ನಾನು ಹುಟ್ಟಿದ್ದು. ಜಗದೇವಿ ಜೋಲಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು ನನ್ನ ಚೌಕಟ್ಟಿಗೆ ಬೆನ್ನು ಕೊಟ್ಟಳು. ನಾನು ಬಿಗಿದ ಗುಂಡು. ಬಂಡೆಯ ಜೊತೆ, ಅವಳ ಜೊತೆ, ಕೂಸಿನ ಜೊತೆ ನಾನೂ ಕುಲುಕಿದೆ. ಎಲ್ಲವೂ ನಡುಗುವಾಗ ಬೇರೆಯಾಗಿ ನಿಲ್ಲುವ ನಾನು ಅಂದು ಒಂದೇ ಒಂದು ಸಲ ಎಲ್ಲರ ಹಾಗೆ ನಡುಗಿದೆ. ಸೂಜಿಯ ಮುಂದೆ ಗೆರೆ ನೆಟ್ಟಗೇ ಹೋಯಿತು.

ನಿಂತಾಗ ಮೇಲೆ ಧೂಳೋ ಧೂಳು. ಎರಡೂ ಬಾಗಿಲು ತಳ್ಳಿಕೊಂಡು ಸಾಯಬಣ್ಣ ಉರುಳುತ್ತ ಇಳಿದ. "ಜಗೂ! ಯವ್ವಾ ಜಗೂ!"

"ಅದೀವಿ ಯಪ್ಪಾ. ಇಬ್ಬರೂ ಅದೀವಿ."

ಅವನ ಮನೆಯ ಒಳಕೋಣೆಯ ಮಾಳಿಗೆ, ಬಾಣಂತಿ ಮೊದಲು ಮಲಗಿದ್ದ ಜಾಗಕ್ಕೆ ಸರಿಯಾಗಿ ಕುಸಿದಿತ್ತು. ಊರಲ್ಲಿ ಅನೇಕರಿಗೆ ಕೈಕಾಲು ಮುರಿದಿತ್ತು. ಸತ್ತವರಲ್ಲಿ ಮಾಲಿಪಾಟೀಲನ ತಾಯಿಯೂ ಇದ್ದಳು.

ಇನಾಮದಾರರು ಜೀಪಿನಲ್ಲಿ ಓಡಿ ಬಂದರು. ನಡುಕದ ಬುಡದಲ್ಲೇ ಇದ್ದ ಯಂತ್ರ ನಾನು. ನನ್ನ ಕಾಗದ ಬಂಗಾರದಂಥದ್ದು. ಅವರು ಉರುಳೆಯಿಂದ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತಿರುವಿ ಹಿಡಿದರು. ಆಮೇಲೆ ಕೊಂಡಿಯಲ್ಲಿ ತೂಗುತ್ತಿದ್ದ ಜೋಲಿಯನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು.

"ಯಂತ್ರ ಕೆಟ್ಟಿತ್ತು ಅಲ್ಲೇನು, ಸಾಯಬಣ್ಣ?" ಅಂದರು ಮೆಲ್ಲಗೆ. "ಹಂಗಂತ ಬರೀತೀನಿ."

"ಇಲ್ರಿ ಸಾಹೇಬ್ರ. ಅದು ಛಲೋ ಅದ. ನಾನೇ ಬಿಗಿದೀನಿ. ಮಂದಿಗಿ ನೆಟ್ಟಗದ ಅಂದೀನಿ. ಆ ಮುದುಕಿ ನನ್ನ ಮಾತು ನಂಬಿ ಒಳಗ ಹೋತು. ಯಂತ್ರದ ಮ್ಯಾಲ ಸುಳ್ಳು ಹೊರಿಸಬ್ಯಾಡ್ರಿ."

"ಹಂಗಾದ್ರ ನಿನ್ನ ಹೆಸರು ಬರೀಬೇಕಾಗ್ತದ."

ಚಂದಮ್ಮ ಮೆಟ್ಟಿಲ ಮೇಲೆ ಕೂಸನ್ನೆತ್ತಿಕೊಂಡು ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. "ಬರ್ಕೊಳ್ರಿ ಸಾಹೇಬ್ರ, ಯಂತ್ರದ್ದೇ ತಪ್ಪಂತ ಬರ್ಕೊಳ್ರಿ. ಅದಕ್ಕೇನು ಮಕ್ಕಳದಾವೇನು? ನಾಳೆ ಅದು ಓಣ್ಯಾಗ ತಿರುಗಾಡಬೇಕೇನು? ನಾವು ಈ ಊರಾಗ ಬಾಳಬೇಕ್ರೀ!"

ಇನಾಮದಾರರು ಹಾಗೇ ಬರೆದರು. ಸಾಯಬಣ್ಣ ಅವರಿಗೆ ಬೆನ್ನು ತಿರುಗಿಸಿ ಕೊಂಡಿಯಿಂದ ಜೋಲಿ ಬಿಚ್ಚತೊಡಗಿದ.

ಊರಿಗೆ ಸುದ್ದಿ ಹರಡಿತು: ಯಂತ್ರ ಕೆಟ್ಟಿತ್ತಂತೆ, ಅದಕ್ಕೇ ಗೆರೆ ನೆಟ್ಟಗಿತ್ತಂತೆ. ಮಾಲಿಪಾಟೀಲ ಬಂದು ನನ್ನನ್ನು ನೋಡುತ್ತ ನಿಂತ. ಬೈಯಲಿಲ್ಲ. ಉಗುಳಲಿಲ್ಲ. "ನಂಬಿದ್ದೆನಲ್ಲೋ ನಿನ್ನ" ಅಂದ, ಅಷ್ಟೇ. ಸಾಯಬಣ್ಣ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

ಆಗ ನನ್ನೊಳಗೆ ಒಂದು ಮಾತು ಸಿಕ್ಕಿಕೊಂಡಿತು, ಇವತ್ತಿಗೂ ಹೊರಬಿದ್ದಿಲ್ಲ. ತಿರುಪು ಸಡಿಲವಾಗಿದ್ದರೂ ಆ ಬೆಳಗಿನ ಗೆರೆ ನೆಟ್ಟಗೇ ಇರುತ್ತಿತ್ತು. ಕೂಸು ಮಲಗಿದಾಗೆಲ್ಲ ನಾನು ಕಿವಿಗೊಟ್ಟಿದ್ದೆ, ನೆಲ ಸುಮ್ಮನಿತ್ತು. ಮುಂಚಿತವಾಗಿ ಹೇಳಿ ಬರುವ ರೂಢಿ ಭೂಕಂಪಕ್ಕಿಲ್ಲ. ಮುದುಕಿ ಸತ್ತದ್ದು ಸಾಯಬಣ್ಣ ತಿರುಪು ಬಿಗಿದದ್ದರಿಂದಲ್ಲ. ನೆಟ್ಟಗಿರುವ ಗೆರೆಯನ್ನು ಅಭಯವೆಂದು ಓದಿದ್ದರಿಂದ, ತಲೆಯ ಮೇಲೆ ಅಷ್ಟು ಮಣ್ಣು ಹೊತ್ತು ಮಲಗಿದ್ದರಿಂದ ಸತ್ತಳು. ಇದನ್ನು ಹೇಳಿದ್ದರೆ ಆ ಮನುಷ್ಯ ತಲೆಯೆತ್ತುತ್ತಿದ್ದ. ಹೇಳಬಲ್ಲವನು ನಾನೊಬ್ಬನೇ. ನನಗೆ ಬಾಯಿಲ್ಲ.

ಕೆಟ್ಟ ಯಂತ್ರವೆಂದ ಮೇಲೆ ಅಲ್ಲಿಡುವ ಹಾಗಿಲ್ಲ. ಹೊಸದು ಬಂತು, ಮಸಿ ಬೇಡದ್ದು, ಸೂಜಿ ಇಲ್ಲದ್ದು. ನನ್ನನ್ನು ಲಾರಿಗೆ ಏರಿಸಿದ ದಿನ ಸಾಯಬಣ್ಣ ಬೀಳ್ಕೊಡಲು ಬರಲಿಲ್ಲ. ಲಾರಿ ಮಾಲಿಪಾಟೀಲನ ಮನೆಯ ಮುಂದೆ ಹಾದಾಗ ಸಾಯಬಣ್ಣನನ್ನು ಕಂಡೆ. ಬೀಳದೆ ಉಳಿದಿದ್ದ ಅರ್ಧ ಮಾಳಿಗೆಯ ಮೇಲೆ ಹತ್ತಿ, ಸನಿಕೆಯಿಂದ ಮಣ್ಣು ತೋಡಿ ಕೆಳಗೆ ಸುರಿಯುತ್ತಿದ್ದ. ಮಾಲಿಪಾಟೀಲ ಕೆಳಗೆ ನಿಂತು, "ಸಾಕು ಬಾರೋ ಸಾಯಬಣ್ಣ, ಊಟ ಮಾಡು" ಎಂದು ಕೂಗುತ್ತಿದ್ದ. ಅವನು ಕೇಳಿಸಿಕೊಂಡ ಹಾಗಿರಲಿಲ್ಲ. ದೊಪ್, ದೊಪ್ ಎಂದು ಬುಟ್ಟಿ ಬುಟ್ಟಿ ಮಣ್ಣು ನೆಲಕ್ಕೆ ಬೀಳುತ್ತಿತ್ತು.

ಈಗ ನಾನು ನಗರದ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದೆ ಇದ್ದೇನೆ. ಕೊರಳಲ್ಲಿ ‘ಕೆಟ್ಟಿದೆ’ ಎಂಬ ಚೀಟಿ. ಗುಂಡು ಬಿಗಿದೇ ಇದೆ. ಬಿಚ್ಚುವ ಕೆಲಸ ಯಾರಿಗೂ ಇಲ್ಲ. ಗಡಿಗಳಲ್ಲಿ ಫಲಕಗಳು ಅಗಲುತ್ತಿವೆ, ನುಗ್ಗುತ್ತಿವೆ, ಉಜ್ಜುತ್ತಿವೆ. ನಾನು ಕೇಳುತ್ತೇನೆ, ಬರೆಯುವುದಿಲ್ಲ. ಕರಿಬಂಡಿಯಿಂದ ಒಮ್ಮೊಮ್ಮೆ ಸಣ್ಣ ಗುಡುಗು ಬರುತ್ತದೆ. ಆಗೆಲ್ಲ ಬಿಗಿದ ಗುಂಡಿನೊಳಗೆ ಒಂದೇ ಯೋಚನೆ ತಿರುಗುತ್ತದೆ: ಇಷ್ಟು ಹೊತ್ತಿಗೆ ಸಾಯಬಣ್ಣ ಎಷ್ಟು ಮನೆಗಳ ಮಾಳಿಗೆಯ ಮಣ್ಣು ಇಳಿಸಿರಬಹುದು?